ಏಣಿ ಹಿಡಿದುಕೊಂಡವಳು

ಆ ಏಣಿ ಸರಿಯಿಲ್ಲವೆಂಬುದು ಅವಳಿಗೆ ಬೆಂಚಿನ ಮೇಲೆ ಕೂತಲ್ಲಿಂದಲೇ ಗೊತ್ತಾಯಿತು. ಕೋರ್ಟಿನ ಜವಾನ ಅದನ್ನು ಹಜಾರದ ಗೋಡೆಗೆ ಒರಗಿಸಿ, ನಿಂತುಹೋದ ಗಡಿಯಾರವನ್ನು ಇಳಿಸಲು ಹತ್ತುತ್ತಿದ್ದ. ಅವನು ಕಾಲಿಟ್ಟಾಗಲೆಲ್ಲ ಮರಕ್ಕೆ ಮರ ಉಜ್ಜುವ ಸಣ್ಣ ಸದ್ದು, ಹಲ್ಲು ಕಚ್ಚಿ ನೋವು ತಡೆದುಕೊಳ್ಳುವವರ ನರಳಿಕೆಯ ಹಾಗೆ. ಬೆಣೆ ಸಡಿಲವಾದ ಏಣಿ ಹಾಗೆಯೇ ಮಾತಾಡುತ್ತದೆ. ಸುಮ್ಮನಿರಬೇಕು, ಇದು ನನ್ನ ಅಂಗಳವಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿರುವಾಗಲೇ ಬಾಯಿ ತೆರೆದುಹೋಯಿತು. "ಅಲ್ಲೇ ನಿಲ್ಲಿ! ಮೇಲಿನ ಮೆಟ್ಟಿಲಿಗೆ ಕಾಲಿಡಬೇಡಿ!" ಹಜಾರದಲ್ಲಿದ್ದ ಅಷ್ಟೂ ತಲೆಗಳು ಇತ್ತ ತಿರುಗಿದವು. ಬಾಗಿಲಲ್ಲಿ ನಿಂತು ಹೆಸರು ಕೂಗುವವನು ಪರದೆ ಸರಿಸಿ, "ಯಾರ್ರೀ ಅದು, ಸಂತೆ ಅಂದ್ಕೊಂಡ್ರಾ? ಒಳಗೆ ಸಾಹೇಬ್ರು ಕೂತಿದಾರೆ" ಎಂದು ಗದರಿದ. ಮೇಲಿದ್ದ ಜವಾನ ಮಾತ್ರ ಗಡಿಯಾರವನ್ನು ಕಂಕುಳಲ್ಲಿ ಇರುಕಿಕೊಂಡು ನಕ್ಕ. "ಹೆದ್ರಬೇಡಿ ಅಮ್ಮ. ನಾನು ಕೆಲಸಕ್ಕೆ ಸೇರೋಕ್ ಮುಂಚೆಯಿಂದ ಇದೆ ಇದು. ನನಗಿಂತ ಸೀನಿಯರ್ರು." ಅವಳ ಕಿವಿ ಬಿಸಿಯಾಯಿತು. ಪಕ್ಕದಲ್ಲಿದ್ದ ಅವಳ ವಕೀಲರು ಕೆಮ್ಮಿನ ಗುಳಿಗೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿ, ಮುಖ ನೋಡದೆ, "ಇವತ್ತಾದ್ರೂ ಸುಮ್ನಿರಿ ತಾಯಿ" ಎಂದರು.

ಇವತ್ತಾದರೂ. ಕಳೆದ ಸಲ ಇದೇ ಬಾಗಿಲಿನೊಳಗೆ, ಕಟಕಟೆಯಲ್ಲಿ ನಿಂತು, ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳಿದ್ದಳು. ಆ ಒಂದು ಮಾತು ಅಂದಿನಿಂದ ಅವಳ ಜೊತೆಯಲ್ಲೇ ಊಟಕ್ಕೆ ಕೂತು ಏಳುತ್ತಿತ್ತು. ಇವತ್ತು ಆದೇಶ. ಕೇಸಿನದಲ್ಲ, ಕೇಸನ್ನು ಈ ಊರಿನ ಕೋರ್ಟು ನಡೆಸಬಹುದೋ ಇಲ್ಲವೋ ಎಂಬುದರದು. ಅತ್ತೆಗೆ ಇದನ್ನು ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹತ್ತಿರಲಿಲ್ಲ. "ಜಗಳ ಶುರುವಾಗೋಕೆ ಮುಂಚೆ ಜಗಳ ಎಲ್ಲಾಡಬೇಕು ಅಂತ ಇನ್ನೊಂದು ಜಗಳವಾ? ಓದಿದೋರು ಹೊಟ್ಟೆ ಹೊರೆಯೋಕೆ ಏನೇನು ಕಂಡುಹಿಡಿದಿದಾರೆ ನೋಡು" ಎಂದಿದ್ದರು. ಮನೆಯಲ್ಲಿ ಏಣಿ ಮಾಡುವ ಮೇಸ್ತ್ರಿಗೆ ಮಾತ್ರ ಒಂದೇ ಸಲಕ್ಕೆ ಅರ್ಥವಾಗಿತ್ತು. ಅವನು ಉಳಿಯ ಬಾಯನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾ ಹೇಳಿದ್ದ: "ಅಮ್ಮಾವ್ರೇ, ಕೇಸಲ್ಲಿ ಸೋತ್ರೂ ಹೆಂಗೋ ಬದುಕ್ತೀವಿ. ಈ ರೈಲಲ್ಲಿ ಬದುಕಲ್ಲ."

ಹೋಗಲು ಒಂದು ಹಗಲು, ಬರಲು ಒಂದು ಹಗಲು, ನಡುವೆ ಈ ಬೆಂಚು. ಅಷ್ಟೂ ಹೊತ್ತು ಅಲ್ಲಿ ಮನೆಯ ಅಂಗಳದಲ್ಲಿ ಮಾಡಿಟ್ಟ ಏಣಿಗಳು ಗೋಡೆಗೆ ಒರಗಿಕೊಂಡು ನಿಂತಿರುತ್ತಿದ್ದವು. ಮಾಲೀಕರು ಎದುರಿಗಿಲ್ಲದೆ ಒಂದು ಏಣಿಯೂ ಗೇಟು ದಾಟುವುದಿಲ್ಲ ಎಂಬುದು ಮಾವನ ಕಾಲದಿಂದ ಬಂದ ಕಟ್ಟಳೆ. ಮಾಲೀಕ ಮೊದಲು ತಾನು ಹತ್ತಬೇಕು, ತುದಿಯಲ್ಲಿ ನಿಂತು ಎರಡು ಸಲ ಮೈ ಜಗ್ಗಬೇಕು, ಇಳಿಯಬೇಕು. ಆಮೇಲೆ ಕೊಳ್ಳುವವನು ತನಗೆ ಬೇಕಾದ್ದನ್ನು ಹತ್ತಿ ನೋಡಬೇಕು. ಅವನು ಇಳಿದು ಬಂದು "ಆಗಬಹುದು" ಎಂದರೆ ಏಣಿ ಅವನದು, ಅದರ ಮುಂದಿನ ಪಾಪ ಪುಣ್ಯವೂ ಅವನದು. "ಆಗಬಹುದು" ಅನ್ನುವ ತನಕ ಲಾರಿಗೆ ಏಣಿ ಮುಟ್ಟಿಸುವ ಹಾಗಿಲ್ಲ. ಅವಳು ಕೋರ್ಟಿಗೆ ಹೊರಟಾಗಲೆಲ್ಲ ಗಿರಾಕಿಗಳು ಬಂದು, ಬೀಗ ಹಾಕದ ಗೇಟಿನಲ್ಲಿ ನಿಂತು, ಕಣ್ಣೆದುರಿಗೇ ಇರುವ ಏಣಿಗಳನ್ನು ನೋಡಿ, ವಾಪಸ್ಸಾಗುತ್ತಿದ್ದರು. ಎದುರು ರಸ್ತೆಯಲ್ಲಿ ಅಲ್ಯೂಮಿನಿಯಂ ಏಣಿಯ ಅಂಗಡಿ ಬಂದಿತ್ತು. ಅಲ್ಲಿ ಯಾರೂ ಏನನ್ನೂ ಹತ್ತುತ್ತಿರಲಿಲ್ಲ. ಕಟ್ಟಳೆಯನ್ನು ಮುರಿಯೋಣವೆಂದರೆ ಅವಳ ಇಡೀ ವಾದ ನಿಂತಿದ್ದದ್ದೇ ಆ ಕಟ್ಟಳೆಯ ಮೇಲೆ. ಏಣಿ ಕೈಬದಲಾಗುವುದು ನಮ್ಮ ಅಂಗಳದಲ್ಲಿ, ಹಾಗಾಗಿ ಜಗಳವೇನಿದ್ದರೂ ನಮ್ಮ ಊರಿನ ಕೋರ್ಟಿನಲ್ಲಿ ಎಂದು ವಕೀಲರು ಬರೆದುಕೊಟ್ಟಿದ್ದರು. ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯುವುದು ಎನ್ನುತ್ತಾರಲ್ಲ, ತನ್ನದು ಏಣಿ ಕೈಯಲ್ಲೇ ಇದ್ದೂ ಇಳಿಯಲಾಗದ ಅಟ್ಟ ಎಂದು ಅವಳಿಗೆ ರೈಲಿನ ಕಿಟಕಿಯಲ್ಲಿ ಎಷ್ಟೋ ಸಲ ಅನಿಸಿತ್ತು.

ಎದುರಿನ ಕಂಪನಿ ದೊಡ್ಡದು; ಇದೇ ಊರಿನ ಅಂಚಿನಲ್ಲಿ ಅದರ ಗೋದಾಮುಗಳು. ಅವರ ಮನುಷ್ಯ ಅಂಗಳಕ್ಕೇ ಬಂದು ಗಂಡನ ಜೊತೆ ಮಾತು ಮುಗಿಸಿ ಮುಂಗಡ ಕೊಟ್ಟು ಹೋಗಿದ್ದ. ಆಮೇಲೆ ಅಂಚೆಯಲ್ಲಿ ಬಂದ ಅಚ್ಚಿನ ಹಾಳೆಯ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಯಾವುದೇ ತಕರಾರು ಕಂಪನಿಯ ಊರಿನ ಕೋರ್ಟಿನಲ್ಲೇ ತೀರ್ಮಾನವಾಗತಕ್ಕದ್ದು ಎಂದಿತ್ತು. ಗಂಡ ಅದರ ಮೇಲೆ ಚಹಾದ ಲೋಟ ಇಟ್ಟಿದ್ದ. ಏಣಿಗಳು ಮುಗಿಯುವಷ್ಟರಲ್ಲಿ ಅವನಿರಲಿಲ್ಲ. ಅವಳೇ ನಿಂತು ಒಪ್ಪಿಸಿದ್ದಳು. ಕೆಲವು ತಿಂಗಳಾದ ಮೇಲೆ, ನಿಮ್ಮ ಏಣಿಗಳು ಅಲುಗಾಡುತ್ತವೆ, ಎಲ್ಲವನ್ನೂ ವಾಪಸ್ಸು ತೆಗೆದುಕೊಂಡು ನಷ್ಟ ಕಟ್ಟಿಕೊಡಿ ಎಂದು ದಾವೆ ಬಂತು. ಅದನ್ನು ಓದಿ ಅವಳು ಮೊದಲು ಕೇಳಿದ್ದು, "ಯಾರಾದ್ರೂ ಬಿದ್ರಾ?" ಎಂದು. ಯಾರೂ ಬಿದ್ದಿರಲಿಲ್ಲ. ಪ್ರತಿ ಸಲವೂ ಎದುರು ವಕೀಲನನ್ನು ಹಜಾರದಲ್ಲಿ ಕಂಡಾಗ ಅದನ್ನೇ ಕೇಳುತ್ತಿದ್ದಳು. ಅವನು ತನ್ನ ಜೊತೆಯವರ ಕಡೆ ತಿರುಗಿ, "ಬಿದ್ದಿಲ್ಲ ಅಂತ ಇವರಿಗೆ ಬೇಜಾರು" ಎಂದು ಒಮ್ಮೆ ಹಾಸ್ಯ ಮಾಡಿದ್ದ. ಅವಳೂ ನಕ್ಕಿದ್ದಳು. ನಗುವುದು ಯಾಕೆ ಅಷ್ಟು ಸುಲಭವಾಗಿತ್ತು ಎಂದು ಆಮೇಲೆ ಅವಮಾನವಾಗಿತ್ತು.

ಒಳಗಿನಿಂದ ಯಾರದ್ದೋ ಹೆಸರು ಕೂಗಿದರು. ಅವಳದಲ್ಲ. ಜವಾನ ಗಡಿಯಾರ ಇಳಿಸಿಕೊಂಡು ಹೋಗಿದ್ದ. ಏಣಿ ಅಲ್ಲೇ ಗೋಡೆಗೆ ನಿಂತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಗಂಡ ಒಂದು ಸಂಜೆ ಅವಳನ್ನು ಅಂಗಳಕ್ಕೆ ಕರೆದು, "ಬಾ, ಮಾಲೀಕರ ಸೊಸೆ ಅಂದಮೇಲೆ ಒಂದು ಸಲವಾದ್ರೂ ಹತ್ತಬೇಕು" ಎಂದಿದ್ದ. ಅವಳು ಎರಡು ಮೆಟ್ಟಿಲು ಹತ್ತಿದಳು, ಮೂರನೆಯದಕ್ಕೆ ಕಾಲಿಟ್ಟಳು, ಅಷ್ಟೇ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೈಗಳು ಕಂಬಕ್ಕೆ ಅಂಟಿಕೊಂಡವು. ಕೆಲಸದವರು ಉಳಿ ನಿಲ್ಲಿಸಿ ನೋಡುತ್ತಿದ್ದರು. ವಿಶ್ವವಿದ್ಯಾಲಯದ ಚಿನ್ನದ ಪದಕದ ಸೊಸೆ, ನೆಲದಿಂದ ಮೊಣಕಾಲೆತ್ತರದಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಅತ್ತೆ ಜಗಲಿಯಿಂದ, "ಅಟ್ಟಕ್ಕೆ ಹಾರದೋಳು ಬೆಟ್ಟಕ್ಕೆ ಹಾರ್ತಾಳಾ, ಇಳಿಸೋ ಅವಳನ್ನ" ಎಂದರು. ಅವನೂ ನಕ್ಕ, ಎಲ್ಲರ ಜೊತೆ ನಕ್ಕ. ಆಮೇಲೆ ಅವಳ ಪಾದವನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಇಳಿಸಿದ. "ನೀನು ಹತ್ತೋದೇ ಬೇಡ, ಬುಡ ಹಿಡ್ಕೋ. ಹಿಡ್ಕೊಳ್ಳೋರು ಇದ್ರೇ ಹತ್ತೋನು ಹತ್ತೋದು." ಅಲ್ಲಿಂದ ಅವನು ಹತ್ತಿದಾಗ ಅವಳು ಹಿಡಿದುಕೊಳ್ಳುತ್ತಿದ್ದಳು. ಮರದ ಮೂಲಕ ಅವನ ಭಾರ ಅಂಗೈಗೆ ಇಳಿದು ಬರುತ್ತಿತ್ತು. ಈಗ ಅವನ ಮುಖಕ್ಕಿಂತ ಆ ಭಾರವೇ ಅವಳಿಗೆ ಸ್ಪಷ್ಟವಾಗಿ ನೆನಪಾಗುತ್ತದೆ.

ಅವನು ಏಣಿಯಿಂದ ಬಿದ್ದು ಸಾಯಲಿಲ್ಲ. ಎಲ್ಲರೂ ಹಾಗೆಂದೇ ತಿಳಿಯುತ್ತಾರೆ. "ಏಣಿಯಿಂದ ಬಿದ್ರಾ?" ಎಂದು ಮೊದಮೊದಲು ಕೇಳಿದವರಿಗೆ ಇಲ್ಲ ಎಂದು ತಿದ್ದುತ್ತಿದ್ದಳು. ಆಮೇಲೆ ಬಿಟ್ಟಳು, ಏಣಿ ಮಾಡುವವನು ಏಣಿಯಿಂದ ಬಿದ್ದನೆಂದರೆ ಕೇಳಿದವರಿಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಅವನು ಬೆಳಿಗ್ಗೆ ಹೊಸ್ತಿಲ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಅವಳು ಒಳಗೆ ಪಾತ್ರೆ ಒರೆಸುತ್ತಿದ್ದಳು. ಧಪ್ ಎಂದು ಸದ್ದಾಯಿತು. ಶೂ ಬಿದ್ದಿತು ಅಂದುಕೊಂಡಳು. ಕೈಯಲ್ಲಿದ್ದ ತಟ್ಟೆಯನ್ನು ಒರೆಸಿ ಮುಗಿಸಿದಳು, ಅದರ ಅಡಿಯನ್ನೂ ಒರೆಸಿದಳು, ಅದರ ಜಾಗದಲ್ಲಿಟ್ಟಳು. ಆಮೇಲೆ ಹೊರಗೆ ಬಂದಳು. ಬೇಗ ಬಂದಿದ್ದರೂ ಏನೂ ಆಗುತ್ತಿರಲಿಲ್ಲವೆಂದು ಡಾಕ್ಟರು ಹೇಳಿದ್ದರು. ಡಾಕ್ಟರಿಗೆ ತಟ್ಟೆಯ ವಿಷಯ ಗೊತ್ತಿರಲಿಲ್ಲ. ಕಟಕಟೆಯಲ್ಲಿ ಎದುರು ವಕೀಲ, "ನಿಮ್ಮ ಯಜಮಾನರು ಸಹ ಇಂಥದೇ ಏಣಿಯಿಂದ ಬಿದ್ದು ತೀರಿಕೊಂಡರು ಅಲ್ಲವೇ?" ಎಂದು ಮೆಲ್ಲಗೆ ಕೇಳಿದಾಗ ಅವಳು, "ಇಲ್ಲ. ಶೂ ಕಟ್ಕೊಳ್ತಾ ಇದ್ರು" ಎಂದಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗುವಿನಲ್ಲಿ ಅವಳ ಆಯ ತಪ್ಪಿತು. ಮುಂದಿನ ಪ್ರಶ್ನೆ ಬಂತು: "ಮಾಲೀಕರೇ ಹತ್ತಿ ತೋರಿಸುವುದು ನಿಮ್ಮ ತಪ್ಪದ ರೂಢಿ ಅಂತ ಬರೆದುಕೊಟ್ಟಿದ್ದೀರಿ. ನಮ್ಮ ಕಕ್ಷಿದಾರರ ಏಣಿಗಳನ್ನು ಒಪ್ಪಿಸಿದ ದಿನ ಹತ್ತಿದವರು ಯಾರು? ನೀವೇ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಮೇಸ್ತ್ರಿ ಅವಳ ವಿರುದ್ಧ ಬಾಯಿ ಬಿಡುವವನಲ್ಲ. ವಕೀಲರ ಗುಳಿಗೆ ಬಾಯಲ್ಲಿ ನಿಂತುಹೋಗಿತ್ತು. "ನಾನು ಹತ್ತಲಿಲ್ಲ" ಎಂದಳು. "ನನಗೆ ಎತ್ತರ ಆಗಲ್ಲ. ಮೇಸ್ತ್ರಿ ಹತ್ತಿದ, ನಾನು ಬುಡ ಹಿಡ್ಕೊಂಡಿದ್ದೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾರೂ ಕೇಳದೆ ಮುಂದಿನದ್ದೂ ಬಂತು. "ಆಮೇಲೆ ಅವರ ಮನುಷ್ಯ ಹತ್ತಿದ್ರು. ಆಗಲೂ ನಾನೇ ಹಿಡ್ಕೊಂಡಿದ್ದೆ. ಹೊಸ ಶೂ ಹಾಕ್ಕೊಂಡು ಬಂದಿದ್ರು, ಜಾರ್ತಾ ಇತ್ತು. ಇಳಿದು ಬಂದು ಕೈ ಒರೆಸ್ಕೊಂಡು ಆಗಬಹುದು ಅಂದ್ರು." ಹೊರಗೆ ಬಂದ ಮೇಲೆ ವಕೀಲರು ಹಣೆಗೆ ಕೈ ಹಚ್ಚಿದರು. "ಅಷ್ಟೊಂದು ಸತ್ಯ ಯಾರು ಕೇಳಿದ್ರಮ್ಮ ನಿಮ್ಮನ್ನ? ರೂಢಿ ರೂಢಿ ಅಂತ ನಾನು ಗೋಡೆ ಕಟ್ಕೊಂಡು ಬಂದ್ರೆ ನೀವೇ ಇಟ್ಟಿಗೆ ಕಿತ್ತುಕೊಟ್ರಲ್ಲ."

ಆ ಗೋಡೆಯ ಅಡಿಪಾಯ ಹಳೆಯ ತೀರ್ಪೊಂದರಲ್ಲಿ ಬರುವ ಒಬ್ಬ ದೋಣಿ ಕಟ್ಟುವವನು. ಬಹಳ ಹಿಂದೆ, ವಕೀಲರೂ ಹುಟ್ಟುವ ಮುಂಚೆ, ಎಲ್ಲೋ ಒಂದು ನದಿಯ ದಡದಲ್ಲಿ ಅವನು ಒಂದು ದೋಣಿ ಮಾಡಿ ಕೊಟ್ಟಿದ್ದ. ಕೊಂಡವನು ಅಲ್ಲೇ ಒಂದು ಸುತ್ತು ಹುಟ್ಟು ಹಾಕಿ ನೋಡಿ ಒಪ್ಪಿ ಒಯ್ದು, ಆಮೇಲೆ ದೂರದ ತನ್ನ ಊರಿನಲ್ಲಿ ದಾವೆ ಹೂಡಿದ್ದ. ಒಪ್ಪಿಸಿದ್ದು ಎಲ್ಲಿಯೋ ಜಗಳವೂ ಅಲ್ಲಿಯೇ. ಅಧಿಕಾರವಿಲ್ಲದ ಕೋರ್ಟಿಗೆ ಇಬ್ಬರೂ ಸೇರಿ ಬರೆದುಕೊಟ್ಟರೂ ಅಧಿಕಾರ ಬರುವುದಿಲ್ಲ ಎಂದು ಮೇಲಿನ ಕೋರ್ಟು ಹೇಳಿತ್ತು. ಎದುರು ವಕೀಲನ ಬಳಿ ಬೇರೊಂದು ತೀರ್ಪಿತ್ತು, ಒಬ್ಬ ಬಟ್ಟೆ ವ್ಯಾಪಾರಿಯದು. ಅಲ್ಲಿ ಮಾಲು ಲಾರಿಯಲ್ಲಿ ಹೋಗಿ ಕೊಂಡವನ ಅಂಗಡಿಯಲ್ಲಿ ಬಿಚ್ಚಿದ ಮೇಲೆಯೇ ಒಪ್ಪಿಗೆ. ನೀವು ದೋಣಿಯೋ ಬಟ್ಟೆಯೋ ಅನ್ನೋದೇ ಪ್ರಶ್ನೆ ಎಂದು ವಕೀಲರು ಹೇಳಿದ್ದರು. ರೈಲಿನಲ್ಲಿ ಹೋಗುತ್ತಾ ಬರುತ್ತಾ ಅವಳು ಆ ದೋಣಿಯವನ ಬಗ್ಗೆ ಯೋಚಿಸುತ್ತಿದ್ದಳು. ಅವನು ಹೇಗಿದ್ದ? ಕೋರ್ಟಿಗೆ ಹೋದಾಗ ಅವನ ದಡದಲ್ಲಿ ಅರ್ಧ ಕಟ್ಟಿದ ದೋಣಿಗಳು ಬಿಸಿಲಿಗೆ ಬಿರುಕು ಬಿಟ್ಟವೇ? ತೀರ್ಪಿನ ದಿನ ಅವನ ಹೆಂಡತಿ ಏನು ಮಾಡುತ್ತಿದ್ದಳು, ತಟ್ಟೆ ಒರೆಸುತ್ತಿದ್ದಳೇ? ಸತ್ತು ಎಷ್ಟೋ ಕಾಲವಾದ ಒಬ್ಬ ಅಪರಿಚಿತ ತನ್ನ ಜಗಳದಿಂದ ಅವಳ ತಲೆಯ ಮೇಲೆ ಕೊಡೆ ಹಿಡಿದಿದ್ದ. ಗಂಡನಿಗಿಂತ ಹೆಚ್ಚಾಗಿ ಈ ಸತ್ತವನನ್ನು ನೆನೆಯುತ್ತಿದ್ದೇನೆ ಎಂದು ಒಮ್ಮೆ ಹೊಳೆದು, ಎದುರು ಸೀಟಿನವರಿಗೆ ಕೇಳಿಸಿತೇನೋ ಎಂಬಂತೆ ಸೆರಗು ಸರಿಮಾಡಿಕೊಂಡಿದ್ದಳು. ಅವನು ನೀಡಿದ ಕೊಡೆಗೆ ತಾನೇ ಬೆರಳಿಟ್ಟು ತೂತು ಮಾಡಿದ್ದಳು.

"ಬನ್ನಿ, ನಮ್ದೇ" ಎಂದು ವಕೀಲರು ಎದ್ದು, ಗುಳಿಗೆಯನ್ನು ಬಾಯಿಂದ ತೆಗೆದು ಕಾಗದದ ಚೂರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಒಳಗೆ ಫ್ಯಾನಿನ ಸದ್ದು. ನ್ಯಾಯಾಧೀಶರು ತಲೆ ಎತ್ತದೆ ಓದತೊಡಗಿದರು. ಮೊದಲಿಗೆ ಯಾವುದೂ ಅವಳ ಕಿವಿಗೆ ಹೋಗಲಿಲ್ಲ. ಟೈಪಿಸ್ಟರ ಮೇಜಿನ ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಇಟ್ಟಿದ್ದರು, ಅದನ್ನೇ ನೋಡುತ್ತಿದ್ದಳು. ಆಮೇಲೆ ತನ್ನದೇ ಮಾತು, ಸ್ನಾನ ಮಾಡಿಸಿ ತಲೆ ಬಾಚಿದ ಮಗುವಿನಂತೆ ಗುರುತು ಸಿಗದೆ, ಮೇಲಿನಿಂದ ಬರುವುದು ಕೇಳಿಸಿತು. "ಪ್ರತಿವಾದಿಯು ಎತ್ತರ ಆಗದ ಕಾರಣ ತಾನು ಸ್ವತಃ ಹತ್ತಲಿಲ್ಲವೆಂದೂ, ಬುಡ ಹಿಡಿದುಕೊಂಡಿದ್ದೆನೆಂದೂ, ವಾದಿಯ ಪ್ರತಿನಿಧಿಯೇ ಹತ್ತಿ ಇಳಿದು 'ಆಗಬಹುದು' ಎಂದರೆಂದೂ ನುಡಿದಿದ್ದಾರೆ. ತನಗೆ ಅನುಕೂಲವಲ್ಲದ್ದನ್ನೂ ಮರೆಮಾಚದ ಈ ಹೇಳಿಕೆಯನ್ನು ನಂಬದಿರಲು ಕಾರಣ ಕಾಣುವುದಿಲ್ಲ." ಎದುರು ವಕೀಲ ಅರ್ಧ ಎದ್ದು, "ಆದರೆ ಸ್ವಾಮಿ, ಅಲುಗಾಡಿದ್ದು ಇಲ್ಲಿ, ನಮ್ಮ ಗೋದಾಮಿನಲ್ಲಿ" ಎಂದ. ನ್ಯಾಯಾಧೀಶರು ಆಗ ತಲೆ ಎತ್ತಿದರು. "ಅಲುಗಾಡಿದ್ದು ಏಣಿನೋ ನಿಮ್ಮ ನೆಲನೋ ಅನ್ನೋದನ್ನ ಆ ಊರಿನ ಕೋರ್ಟಲ್ಲಿ ಹೇಳಿಕೊಳ್ಳಿ. ಕೂತ್ಕೊಳ್ಳಿ." ಮತ್ತೆ ಓದಿದರು. ಒಪ್ಪಂದವಾದದ್ದೂ, ಹಣ ಕೊಟ್ಟದ್ದೂ, ಮಾಲು ಕೈಬದಲಾದದ್ದೂ ಪ್ರತಿವಾದಿಯ ಅಂಗಳದಲ್ಲಿ. ಮೊದಲು ಯಾರು ಹತ್ತಿದರೆಂಬುದು ಇಲ್ಲಿ ಮುಖ್ಯವಲ್ಲ. ದೋಣಿಯ ಪ್ರಕರಣದ ತೀರ್ಪು ಇದಕ್ಕೂ ಅನ್ವಯಿಸುತ್ತದೆ. ಇಲ್ಲದ ಅಧಿಕಾರವನ್ನು ಅಚ್ಚಿನ ಒಂದು ಸಾಲು ಹುಟ್ಟಿಸಲಾರದು. ದಾವೆಯನ್ನು ಸೂಕ್ತ ನ್ಯಾಯಾಲಯದಲ್ಲಿ ಹೂಡಿಕೊಳ್ಳಲು ವಾದಿಗೆ ಹಿಂದಿರುಗಿಸಲಾಗಿದೆ.

ಹಜಾರಕ್ಕೆ ಬಂದಾಗ ಅವಳಿಗೆ ಬಂದದ್ದು ಸಂತೋಷವಲ್ಲ, ಹಸಿವು. ಎಷ್ಟೋ ತಿಂಗಳಿಂದ ಎಲ್ಲೋ ಹೋಗಿದ್ದ ಹಸಿವು ಒಮ್ಮೆಲೇ ಬಾಗಿಲು ದೂಡಿಕೊಂಡು ಬಂತು. ಬೆಂಚಿನ ಮೇಲೆ ಕೂತಳು. ವಕೀಲರು ಜೇಬಿನಿಂದ ಕಾಗದ ಬಿಚ್ಚಿ ಗುಳಿಗೆಯನ್ನು ಮತ್ತೆ ಬಾಯಿಗೆ ಹಾಕಿಕೊಂಡರು. "ನಾನು ಕಟ್ಟಿದ ಗೋಡೆಗಿಂತ ನೀವು ಕಿತ್ತ ಇಟ್ಟಿಗೆನೇ ಕೆಲಸಕ್ಕೆ ಬಂತು ನೋಡಿ. ಇದನ್ನ ಬೇರೆ ಕಕ್ಷಿದಾರರಿಗೆ ಮಾತ್ರ ಹೇಳಬೇಡಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ಅವರು ಮೇಲಿನ ಕೋರ್ಟಿಗೆ ಹೋದ್ರೆ?"

"ಹೋಗ್ಲಿ ಬಿಡಿ. ಅಲ್ಲೂ ಇದೇ ನಿಂತ್ರೆ, ಮುಂದೆ ಯಾವನೋ ಮಂಚ ಮಾಡೋನು ನಿಮ್ಮ ಏಣಿ ಕೇಸು ಹಿಡ್ಕೊಂಡು ಓಡಾಡ್ತಾನೆ."

ಅವಳು ಮನೆಗೆ ಫೋನು ಮಾಡಿದಳು. ಒಂದೇ ರಿಂಗಿಗೆ ಅತ್ತೆ ಎತ್ತಿಕೊಂಡರು. ಕೈಯಲ್ಲೇ ಹಿಡಿದುಕೊಂಡು ಕೂತಿದ್ದರೇನೋ.

"ಗೆದ್ಯೇನೇ?"

"ಗೆಲ್ಲಲಿಲ್ಲ ಅತ್ತೆ. ಇಲ್ಲಿ ನಡೆಯಲ್ಲ ಅಂದ್ರು. ಬೇಕಿದ್ರೆ ಅವರೇ ನಮ್ಮೂರಿಗೆ ಬಂದು ಹಾಕಬೇಕು."

"ಅಂದ್ರೆ ನೀನು ಇನ್ನು ಆ ರೈಲು ಹತ್ತೋ ಹಾಗಿಲ್ಲ."

"ಇಲ್ಲ."

ಆ ಕಡೆ ಮೂಗು ಎಳೆದ ಸದ್ದು. "ಗೆದ್ದೋನು ಸೋತ, ಸೋತೋನು ಸತ್ತ ಅಂತಾರೆ. ನಿನ್ನದು ಎರಡೂ ಅಲ್ಲ, ಒಳ್ಳೇದಾಯ್ತು. ಬರಲಿ ಅವರು, ರೈಲಲ್ಲಿ ಕೂತು ಸೊಂಟ ಹಿಡ್ಕೊಂಡು ಬರಲಿ. ಮೇಸ್ತ್ರಿಗೆ ಹೇಳ್ತೀನಿ, ಆಗ್ಲಿಂದ ಜಗಲಿ ಮೇಲೇ ಕೂತಿದಾನೆ. ನೀನು ಏನಾದ್ರೂ ತಿಂದ್ಯಾ?"

"ತಿಂತೀನಿ ಅತ್ತೆ, ಹಸಿವಾಗ್ತಿದೆ."

"ಹಸಿವಾಗ್ತಿದೆಯಾ!" ಎಂದರು ಅತ್ತೆ. ತೀರ್ಪು ಈಗ ಬಂದಂತಿತ್ತು ಅವರ ದನಿ.

ಜವಾನ ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿಕೊಂಡು ಬಂದಿದ್ದ. ಏಣಿಯ ಹತ್ತಿರ ನಿಂತು, ಹತ್ತದೆ, ಅವಳ ಕಡೆ ನೋಡಿದ. "ಒಳಗೆ ನಿಮ್ಮ ಕೇಸು ಕೇಳಿಸ್ಕೊಂಡೆ. ಏಣಿಯೋರೇ ಅಂತ ಗೊತ್ತಿರಲಿಲ್ಲ ಅಮ್ಮ. ಬೆಳಿಗ್ಗೆ ಏನೋ ಅಂದ್ರಲ್ಲ." ಅವಳು ಎದ್ದು ಹೋಗಿ ಕಂಬಕ್ಕೆ ಗೆಣ್ಣಿನಿಂದ ಬಡಿದಳು. ಮೇಲಿಂದ ಎರಡನೆಯ ಮೆಟ್ಟಿಲು. ಏಣಿಯನ್ನು ಇಳಿಸಿ ಮಲಗಿಸಲು ಹೇಳಿದಳು. ಬೆಣೆ ಒಣಗಿ ಕುಗ್ಗಿ ತೂತಿನಲ್ಲಿ ಹಲ್ಲಿನಂತೆ ಅಲ್ಲಾಡುತ್ತಿತ್ತು. ಜವಾನ ಎಲ್ಲಿಂದಲೋ ಪ್ಯಾಕಿಂಗ್ ಪೆಟ್ಟಿಗೆಯ ಮರದ ಸೀಳು ತಂದ. ಅದನ್ನು ಅವನ ಚಾಕುವಿನಿಂದ ಕೆತ್ತಿ, ಹಳೆಯದರ ಪಕ್ಕಕ್ಕೆ ಸೇರಿಸಿ, ಗುಮಾಸ್ತರ ಮೇಜಿನ ಪೇಪರ್‌ವೇಟಿನಿಂದ ಬಡಿದು ಕೂರಿಸಿದಳು. ಅವಳು ಬಡಿಯುವುದಕ್ಕೆ ಯಾರೂ ಗದರಲಿಲ್ಲ. ಹೆಸರು ಕೂಗುವವನು ಕೂಡ ಪರದೆ ಸರಿಸಿ ನೋಡಿ ಹೋದ. ಮತ್ತೆ ಗೋಡೆಗೆ ಒರಗಿಸಿದ ಮೇಲೆ ಜವಾನ ಚಪ್ಪಲಿ ಬಿಟ್ಟು ಕಾಲೆತ್ತಿದ.

"ಇರಿ" ಎಂದಳು. "ಮೊದಲು ನೀವಲ್ಲ."

ಅವನಿಗೆ ಅರ್ಥವಾಗಲಿಲ್ಲ. "ನೀವಾ ಅಮ್ಮ? ನಿಮಗೆ ಎತ್ತರ ಆಗಲ್ಲ ಅಂತ ಸಾಹೇಬ್ರು ಓದಿದ್ರಲ್ಲ?"

"ಬುಡ ಹಿಡ್ಕೊಳ್ಳಿ. ಎರಡೂ ಕೈಲಿ."

ಒಂದು, ಎರಡು. ಮೂರನೆಯದರಲ್ಲಿ ಕಂಬಕ್ಕೆ ಅಂಟಿಕೊಳ್ಳುವ ಹಳೆಯ ಬಯಕೆ ಬೆರಳಿಗೆ ಬಂತು. "ಹಿಡ್ಕೊಂಡಿದೀರಾ?" ಎಂದು ಕೇಳಿದಳು. "ಹಿಡ್ಕೊಂಡೇ ಇದೀನಿ, ಹತ್ತಿ" ಎಂದ ಕೆಳಗಿನಿಂದ. ಅವನ ಕೈಗೆ ಈಗ ತನ್ನ ಭಾರ ಇಳಿಯುತ್ತಿರಬೇಕು. ಭಯ ಹೋಗಲಿಲ್ಲ. ಅದೂ ಜೊತೆಯಲ್ಲೇ ಒಂದೊಂದು ಮೆಟ್ಟಿಲು ಹತ್ತಿತು. ಬಡಿದು ಕೂರಿಸಿದ ಮೆಟ್ಟಿಲಿನ ಮೇಲೆ ನಿಂತಾಗ ಏಣಿ ಏನೂ ಅನ್ನಲಿಲ್ಲ. ಎರಡು ಸಲ ಮೈ ಜಗ್ಗಿದಳು. ಅನ್ನಲಿಲ್ಲ.

ಗಡಿಯಾರದ ಮೊಳೆಯ ಪಕ್ಕದಲ್ಲಿ ಒಂದು ಗವಾಕ್ಷಿಯಿತ್ತು. ಅದರಾಚೆಗೆ ಕೋರ್ಟಿನ ಮುಂದಿನ ಮೆಟ್ಟಿಲುಗಳು ಕಂಡವು. ಎದುರು ವಕೀಲ ಫೈಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಇಳಿಯುತ್ತಿದ್ದವನು ನಡುವೆ ನಿಂತ. ಫೈಲು ಕೆಳಗಿಟ್ಟ. ಮೆಟ್ಟಿಲಿನ ಮೇಲೆ ಕೂತು ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದ. ಅವಳ ಕಿವಿ ಧಪ್ ಎಂಬ ಸದ್ದಿಗೆ ಕಾದಿತು. ಕೆಳಗಿನಿಂದ ಜವಾನ, "ಏನಾಯ್ತಮ್ಮ, ಸಡಿಲ ಇದೆಯಾ?" ಎಂದು ಕೇಳಿದ. ಅವಳು ಆ ಬಗ್ಗಿದ ಬೆನ್ನನ್ನೇ ನೋಡುತ್ತಿದ್ದಳು. ಲೇಸು ಗಂಟಾಗಿತ್ತೇನೋ, ಬಿಡಿಸಿ ಮತ್ತೆ ಕಟ್ಟಿದ. ಇನ್ನೊಂದು ಕಾಲಿನದನ್ನೂ ಬಿಗಿ ಮಾಡಿದ. ಆಮೇಲೆ ಮಂಡಿಯ ಮೇಲೆ ಕೈ ಊರಿ ಎದ್ದ, ಪ್ಯಾಂಟಿನ ಧೂಳು ಕೊಡವಿದ, ಫೈಲು ಎತ್ತಿಕೊಂಡು ಬಿಸಿಲಿನಲ್ಲಿ ನಡೆದುಕೊಂಡು ಹೋದ. ಅವನು ಗೇಟು ದಾಟುವ ತನಕ ಅವಳು ಅಲ್ಲೇ ನಿಂತಿದ್ದಳು.

ಇಳಿದು ಬಂದು ಕೈ ಒರೆಸಿಕೊಂಡಳು. ಜವಾನ ಇನ್ನೂ ಎರಡೂ ಕೈಯಲ್ಲಿ ಬುಡ ಹಿಡಿದುಕೊಂಡೇ ಇದ್ದ.

"ಆಗಬಹುದು" ಎಂದಳು.